ಯುಬಿಕ್ವಿಟಿನ್ ಎಂದರೇನು?

ಹೊಟ್ಟೆಯೊಳಗೆ ಊಟದ ಪ್ರೋಟೀನನ್ನು ಕಿಣ್ವಗಳು ಸುಮ್ನೆ ಕತ್ತರಿಸುತ್ತಾ ಹೋಗುತ್ತವೆ. ಆ ಕತ್ತರಿಸುವ ಕೆಲಸಕ್ಕೆ ಎಟಿಪಿ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು, ಬೇಕಿಲ್ಲ. ಆದರೆ ಜೀವಕೋಶ ತನ್ನದೇ ಪ್ರೋಟೀನನ್ನು ಒಡೆಯುವಾಗ ಎಟಿಪಿ ಖರ್ಚು ಮಾಡುತ್ತದೆ. ಕೆಡವುವುದಕ್ಕೂ ಖರ್ಚೇ? 1950ರ ದಶಕದಲ್ಲೇ ಕಂಡ ಈ ವಿಚಿತ್ರಕ್ಕೆ ಉತ್ತರ ಸಿಗಲು ಬಹಳ ಕಾಲ ಬೇಕಾಯಿತು. ಖರ್ಚಾಗುವುದು ಕತ್ತರಿಸುವುದಕ್ಕಲ್ಲ. ಯಾವುದನ್ನು ಒಡೆಯಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವುದಕ್ಕೆ, ಆರಿಸಿದ್ದನ್ನು ಬಿಚ್ಚಿ ಒಳಗೆ ತಳ್ಳುವುದಕ್ಕೆ.

ಹಾಗೆ ಆರಿಸಿದ್ದಕ್ಕೆ ಅಂಟಿಸುವ ಚೀಟಿಯೇ ಯುಬಿಕ್ವಿಟಿನ್. ಇದೂ ಒಂದು ಪ್ರೋಟೀನೇ, 76 ಅಮೈನೋ ಆಮ್ಲಗಳ ಪುಟಾಣಿ. 'ಎಲ್ಲೆಲ್ಲೂ' ಎಂಬ ಅರ್ಥದ ಲ್ಯಾಟಿನ್ ಪದದಿಂದ ಹೆಸರು ಬಂದಿದೆ. ಯೀಸ್ಟ್‌ನ ಯುಬಿಕ್ವಿಟಿನ್‌ಗೂ ನಮ್ಮದಕ್ಕೂ ಇರುವ ವ್ಯತ್ಯಾಸ ಮೂರೇ ಮೂರು ಅಮೈನೋ ಆಮ್ಲ!

ಅಂಟಿಸುವ ಕೆಲಸ ಮೂರು ಕೈ ದಾಟುತ್ತದೆ. ಇ1 ಕಿಣ್ವ ಎಟಿಪಿ ಬಳಸಿ ಚೀಟಿಯನ್ನು ಸಿದ್ಧಮಾಡುತ್ತದೆ, ಇ2 ಹೊತ್ತು ತರುತ್ತದೆ, ಇ3 ಗುರಿಯನ್ನು ಹಿಡಿಯುತ್ತದೆ. ಮನುಷ್ಯರಲ್ಲಿ ಇ1 ಎರಡೇ ಬಗೆ, ಇ3 ಮಾತ್ರ 600ಕ್ಕೂ ಜಾಸ್ತಿ. ಜಾಣತನವೆಲ್ಲ ಎಲ್ಲಿದೆ ಅಂತ ಗೊತ್ತಾಯಿತಲ್ವಾ? ಸಾಮಾನ್ಯವಾಗಿ ಒಂದು ಚೀಟಿ ಸಾಲದು, ನಾಲ್ಕಾದರೂ ಸರಪಳಿಯಂತೆ ಸೇರಬೇಕು. ಆಗ ಪ್ರೋಟಿಯಾಸೋಮ್ ಎಂಬ, ಪ್ರೋಟೀನ್ ಕತ್ತರಿಸುವ ಪೀಪಾಯಿಯಂಥ ಯಂತ್ರ ಆ ಗುರಿಯನ್ನು ಹಿಡಿದು, ನೂಲಿನ ಹಾಗೆ ಬಿಚ್ಚಿ, ಒಳಗೆಳೆದು ಚೂರು ಮಾಡುತ್ತದೆ. ಚೀಟಿಗಳನ್ನು ಬಿಸಾಡುವುದಿಲ್ಲ, ಕಿತ್ತು ಮತ್ತೆ ಬಳಸುತ್ತದೆ. ಇದನ್ನು ಬಿಡಿಸಿ ತೋರಿಸಿದ ಆರನ್ ಚೆಖಾನೋವರ್, ಅವ್ರಾಮ್ ಹರ್ಷ್‌ಕೊ, ಅರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಈ ಪೀಪಾಯಿಯ ಬಾಯಿ ಕಟ್ಟಿದರೆ? ಕಸ ತುಂಬಿ ಕೋಶ ಉಸಿರುಗಟ್ಟುತ್ತದೆ. ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರ್‌ನ ಕೋಶಗಳು ಪ್ರತಿಕಾಯಗಳನ್ನು ರಾಶಿ ರಾಶಿ ತಯಾರಿಸುತ್ತವೆ. ಹಾಗಾಗಿ ಅವುಗಳ ಕಸವೂ ಜಾಸ್ತಿ, ಮೊದಲು ಸಾಯುವುದೂ ಅವೇ. ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಪಡೆದ ಬೋರ್ಟೆಜೊಮಿಬ್ ಎಂಬ ಮದ್ದು ಮಾಡುವುದು ಇದನ್ನೇ, ಪೀಪಾಯಿಯ ಬಾಯಿ ಕಟ್ಟುವುದನ್ನು. ಅದರ ಬೋರಾನ್ ಪರಮಾಣು ಪ್ರೋಟಿಯಾಸೋಮಿನ ಕತ್ತರಿಸುವ ಜಾಗಕ್ಕೇ ಹೋಗಿ ಕಚ್ಚಿಕೊಳ್ಳುತ್ತದೆ. ಆದರೆ ಒಳ್ಳೆಯ ಕೋಶಗಳಲ್ಲೂ ಪ್ರೋಟಿಯಾಸೋಮ್ ಇದೆಯಲ್ಲ! ಕೈಕಾಲು ಜೋಮು ಹಿಡಿದು ಉರಿಯುವುದು ಈ ಮದ್ದಿನ ದೊಡ್ಡ ಕಾಟ.

ಅದೇ ಕಾಯಿಲೆಗೆ ಕೊಡುವ ಲೆನಾಲಿಡೊಮೈಡ್‌ನ ದಾರಿ ತದ್ವಿರುದ್ಧ. ಅದು ಯಾವುದನ್ನೂ ನಿಲ್ಲಿಸುವುದಿಲ್ಲ. ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಅದು ಸೇರಿರುವ ಇ3 ತಂಡದ ಗುರಿಯನ್ನೇ ಬದಲಿಸುತ್ತದೆ. ಕ್ಯಾನ್ಸರ್ ಕೋಶ ನೆಚ್ಚಿಕೊಂಡ ಇಕಾರೋಸ್ ಎಂಬ ಪ್ರೋಟೀನಿನ ಮೇಲೇ ಚೀಟಿ ಬೀಳುತ್ತದೆ. ಮುಂದಿನದನ್ನು ಆ ಕೋಶದ ಪ್ರೋಟಿಯಾಸೋಮೇ ನೋಡಿಕೊಳ್ಳುತ್ತದೆ.