ಮಗಳ ಕೈಯಿಂದ ಆ ಪುಸ್ತಕ ಕಿತ್ತುಕೊಳ್ಳಲೇ?

ಪ್ರಶ್ನೆ: ಹದಿನೈದು ವರ್ಷದ ಮಗಳು ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಯೊಂದನ್ನು ಓದುತ್ತಿದ್ದಾಳೆ. ಅದರ ನಾಯಕಿ ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವ ಹುಡುಗಿ. ಓದಿ ಇವಳಿಗೂ ಅದೇ ಯೋಚನೆ ಹೊಳೆದರೆ? ಪುಸ್ತಕ ತೆಗೆದಿಟ್ಟುಬಿಡಲೇ?

ಕಿತ್ತುಕೊಳ್ಳಬೇಡಿ. ನೀವೂ ಓದಿ. ಅವಳಿಗಿಂತ ಎರಡು ಅಧ್ಯಾಯ ಮುಂದಿದ್ದರೆ ಇನ್ನೂ ಒಳ್ಳೆಯದು.

ಈ ಬಗೆಯ ಪುಸ್ತಕ ಎಂದರೆ ನನಗೆ ಮೊದಲು ನೆನಪಾಗುವುದು ಅಮೆರಿಕದ ಜಾಕಿ ಮೋರ್ಸ್ ಕೆಸ್ಲರ್ ಬರೆದ ‘ರೇಜ್’ (2011). ಬೈಬಲ್ಲಿನ ಕೊನೆಯ ಗ್ರಂಥದಲ್ಲಿ ನಾಲ್ವರು ಕುದುರೆ ಸವಾರರು ಬರುತ್ತಾರೆ. ಕೆಂಪು ಕುದುರೆಯವನಿಗೆ ದೊಡ್ಡ ಕತ್ತಿ ಸಿಗುತ್ತದೆ, ಅವನೇ ಯುದ್ಧ. ಕೆಸ್ಲರ್ ಆ ಕತ್ತಿಯನ್ನು ಮಿಸ್ಸಿ ಎಂಬ ಹೈಸ್ಕೂಲು ಹುಡುಗಿಯ ಕೈಗೆ ಕೊಡುತ್ತಾರೆ. ಪಾರ್ಟಿಯೊಂದರಲ್ಲಿ ಎಲ್ಲರೆದುರು ಅವಮಾನಪಟ್ಟವಳು, ನೋವನ್ನೆಲ್ಲ ತನ್ನ ಮೈಮೇಲೇ ತೀರಿಸಿಕೊಳ್ಳುವವಳು. ಎದುರಿಗೆ ಬಂದದ್ದನ್ನೆಲ್ಲ ಕಡಿದುಹಾಕಬಲ್ಲ ಆ ಕತ್ತಿ ಹಿಡಿದ ಮೇಲೆ ಅವಳು ತನ್ನ ಸಿಟ್ಟನ್ನು ಹಿಡಿತಕ್ಕೆ ತಂದುಕೊಳ್ಳಲು ಕಲಿಯುವುದೇ ಕತೆ.

ಹೀಗೆ ಮಾಡಿಕೊಳ್ಳುವ ಎಷ್ಟೋ ಮಕ್ಕಳಿಗೆ ಸಾಯುವ ಉದ್ದೇಶ ಇರುವುದಿಲ್ಲ. ಒಳಗೆ ಕುದಿಯುತ್ತಿರುವುದಕ್ಕೆ ಹೆಸರಿಲ್ಲ, ಹೇಳಿಕೊಳ್ಳಲು ಜನರಿಲ್ಲ. ಗಾಯದ ಹಿಂದೆಯೇ ನಾಚಿಕೆ ಬರುತ್ತದೆ, ಮತ್ತೆ ಅದೇ ಸುತ್ತು. ಹಾಗೆಂದು ಹಗುರವಾಗಿ ನೋಡುವಂತಿಲ್ಲ, ಮುಂದೆ ಆತ್ಮಹತ್ಯೆಯ ಅಪಾಯ ಇಂಥ ಮಕ್ಕಳಲ್ಲಿ ಹೆಚ್ಚು. ‘ಎಲ್ಲಾ ನಾಟಕ’ ಎನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಾಟಕವಾಗಿದ್ದರೆ ಏಪ್ರಿಲ್ ಬಿಸಿಲಲ್ಲೂ ತುಂಬುತೋಳು ಹಾಕಿಕೊಂಡು ಮುಚ್ಚಿಡುತ್ತಿದ್ದರೇ? ‘ನನಗೆ ಹೀಗಾಗ್ತಿದೆ’ ಎನ್ನಲಾರದ ಮಗು ‘ಮಿಸ್ಸಿಗೆ ಹೀಗಾಯ್ತು’ ಎನ್ನಬಲ್ಲದು. ಕುದುರೆ, ಕತ್ತಿ ಎಲ್ಲ ಬಂದಮೇಲೆ ಅದು ಬೇರೆ ಲೋಕದ ಮಾತು, ಆಡುವುದು ಸುಲಭ.

ನಿಮ್ಮ ಭಯ ಹೊಸದಲ್ಲ. 2011ರ ಜೂನ್‌ನಲ್ಲಿ ಅಮೆರಿಕದ ಪತ್ರಿಕೆ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಮೇಘನ್ ಕಾಕ್ಸ್ ಗರ್ಡನ್ ‘ರೇಜ್’ನ ಹೆಸರೆತ್ತಿಯೇ ಬರೆದರು: ಇಂಥ ಪುಸ್ತಕಗಳಿಂದ ಈ ನಡವಳಿಕೆ ಮಾಮೂಲು ಅನ್ನಿಸಿಬಿಡಬಹುದು ಎಂದು. ಟ್ವಿಟರ್‌ನಲ್ಲಿ ‘ವೈಎ ಸೇವ್ಸ್’ ಹ್ಯಾಷ್‌ಟ್ಯಾಗ್ (ವೈಎ ಎಂದರೆ ಯಂಗ್ ಅಡಲ್ಟ್, ಹದಿಹರೆಯದವರ ಪುಸ್ತಕಗಳು) ಹಾಕಿ ಓದುಗರು, ಪುಸ್ತಕಗಳೇ ತಮ್ಮನ್ನು ಉಳಿಸಿದವು ಎಂದು ಉತ್ತರಿಸಿದರು. ನಾನು ಓದುಗರ ಕಡೆ. ಆದರೂ ಗರ್ಡನ್ ಮಾತಿನಲ್ಲಿ ಒಂದು ತೂಕ ಇದೆ: ಗಾಯದ ವಿವರಕ್ಕೆ ಇಳಿಯುವ ಪುಟಗಳು, ಈಗಾಗಲೇ ಆ ಸುಳಿಯಲ್ಲಿರುವ ಮಗುವನ್ನು ಕೆಣಕಬಹುದು. ‘ರೇಜ್’ನಲ್ಲೂ ಅಂಥ ಪುಟಗಳಿವೆ. ಮಗಳ ಮೈಮೇಲೆ ಗುರುತು ಕಂಡಿದ್ದರೆ ಮೊದಲು ಸಹಾಯ ಸಿಗಲಿ, ಪುಸ್ತಕ ಆಮೇಲೆ.

ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತಾದೀತು ಎಂದು ಅಂಜಬೇಡಿ. ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳಲ್ಲಿ 2,300ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡು, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದ್ದರಿಂದ ಮಕ್ಕಳಲ್ಲಿ ಅಂಥ ಯೋಚನೆ ಹೆಚ್ಚಲಿಲ್ಲ.

ಎದುರಿಗೆ ಕೂರಿಸಿ ವಿಚಾರಣೆ ಮಾತ್ರ ಬೇಡ. ನಮ್ಮಕ್ಕನ ಮಗಳು ಬಾಯಿಬಿಟ್ಟದ್ದು ನೆನೆಸಿದ ಅವರೆಕಾಳು ಹಿಚುಕುತ್ತಾ ಕೂತಾಗ. ತಲೆಯೆತ್ತದೆ, ‘ನಮ್ಮ ಕ್ಲಾಸಲ್ಲೂ ಒಬ್ಬಳು ಮಿಸ್ಸಿ ಥರ ಇದ್ದಾಳೆ, ಚಿಕ್ಕಮ್ಮ’ ಎಂದಳು. ಯಾರು ಎಂದು ನಾನು ಕೇಳಲಿಲ್ಲ. ‘ಪಾಪ, ಅವಳಿಗೆ ಎಷ್ಟು ಕಷ್ಟವಾಗಿರಬೇಕು’ ಎಂದೆ. ಅರ್ಧ ಬೋಸಿ ಬೇಳೆ ಆಗುವವರೆಗೂ ಮಾತಿಲ್ಲ. ಆಮೇಲೆ ಅಂಗಿಯ ತೋಳು ಮೇಲೆ ಸರಿಸಿದಳು.

ಬೈಯಲಿಲ್ಲ, ಆಣೆ ಹಾಕಿಸಲಿಲ್ಲ. ಆ ರಾತ್ರಿ ಅಕ್ಕನೂ ಸೇರಿ ಮೂವರೂ ಕೂತು 14416ಕ್ಕೆ ಫೋನ್ ಮಾಡಿದೆವು. ಅದು ಟೆಲಿ ಮಾನಸ್, 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಫೋನನ್ನು ಮೊದಲು ಅಕ್ಕ ಹಿಡಿದಿದ್ದಳು. ಸ್ವಲ್ಪ ಹೊತ್ತಿಗೆ ಹುಡುಗಿಯೇ ಕೈಚಾಚಿ ಇಸಿದುಕೊಂಡಳು.