ನೀರು ಒಳಗೆ ಬರಲಿ, ಗೋಡೆ ಉಳಿಯಲಿ

ಪ್ರವಾಹದಲ್ಲಿ ಮನೆ ಬಿದ್ದ ಮೇಲೆ ತುಂಬಾ ಜನ ಹೇಳುವುದು ಒಂದೇ ಮಾತು: ಈ ಸಲ ದಪ್ಪ ಗೋಡೆ ಕಟ್ಟೋಣ, ಒಂದು ಹನಿಯೂ ಒಳಗೆ ಬರಬಾರದು. ನೀರು ಆಳವಾಗಿ ನಿಲ್ಲುವ ಜಾಗದಲ್ಲಿ ಸಾಮಾನ್ಯ ಮನೆಗೆ ಇದು ನಿಜಕ್ಕೂ ಅಪಾಯದ ಯೋಚನೆ.

ಲೆಕ್ಕ ಹಾಕಿ ನೋಡಿ. 4 ಮೀಟರ್ ಉದ್ದದ ಗೋಡೆ, ಹೊರಗೆ 1 ಮೀಟರ್ ನೀರು, ಒಳಗೆ ಏನೂ ಇಲ್ಲ. ನೀರು ಆ ಗೋಡೆಯನ್ನು ಸುಮಾರು 2 ಟನ್ ಭಾರದಷ್ಟು ತಳ್ಳುತ್ತದೆ. ನೀರು 2 ಮೀಟರ್‌ಗೆ ಏರಿದರೆ 4 ಟನ್ ಅಲ್ಲ, 8 ಟನ್! ಆಳ ಹೆಚ್ಚಿದ ಹಾಗೆ ಬುಡದ ಒತ್ತಡವೂ ಜಾಸ್ತಿ, ಒತ್ತಡ ಬೀಳುವ ಜಾಗವೂ ಜಾಸ್ತಿ, ಎರಡೂ ಸೇರಿ ನಾಲ್ಕು ಪಟ್ಟು. ಇಟ್ಟಿಗೆ ಗೋಡೆ ಮೇಲಿನ ಭಾರವನ್ನು ಚೆನ್ನಾಗಿ ಹೊರುತ್ತದೆ, ಪಕ್ಕದಿಂದ ತಳ್ಳಿದರೆ ತಡೆಯುವುದಿಲ್ಲ.

ಇದಕ್ಕಿಂತ ಸೊಗಸಾದ ಸಂಗತಿ ಇನ್ನೊಂದಿದೆ. ಹೊರಗೆ ನಿಂತಿರುವುದು ಹತ್ತು ಮೈಲಿ ಅಗಲದ ನೀರಾದರೂ ಒಂದಡಿ ಅಗಲದ್ದಾದರೂ ಗೋಡೆಗೆ ಬೀಳುವ ಒತ್ತಡ ಒಂದೇ. ಎಷ್ಟು ನೀರಿದೆ ಅನ್ನೋದಲ್ಲ, ಎಷ್ಟು ಎತ್ತರ ನಿಂತಿದೆ ಅನ್ನೋದೇ ಮುಖ್ಯ. ಸೈಮನ್ ಸ್ಟೆವಿನ್ 1586ರಲ್ಲೇ ಇದನ್ನು ತೋರಿಸಿಕೊಟ್ಟಿದ್ದ. ತಗ್ಗು ನೆಲದ ನೆದರ್ಲೆಂಡ್ಸ್‌ನಲ್ಲಿ ನೀರೆತ್ತುವ ಗಾಳಿಯಂತ್ರಗಳನ್ನು ಸುಧಾರಿಸಿದ ಎಂಜಿನಿಯರ್ ಅವನು, ನೀರಿನ ಲೆಕ್ಕ ಅಲ್ಲಿ ಬರೀ ಪುಸ್ತಕದ ವಿಷಯ ಆಗಿರಲಿಲ್ಲ.

ಒಳಗೂ ಹೊರಗೂ ನೀರು ಒಂದೇ ಮಟ್ಟದಲ್ಲಿದ್ದರೆ ಎರಡು ಕಡೆಯ ಒತ್ತಡವೂ ವಜಾ ಆಗುತ್ತದೆ, ಅಲ್ವಾ? ಗೋಡೆಯ ಬುಡದಲ್ಲಿ ಕಿಂಡಿ ಬಿಡುವುದು ಅದಕ್ಕೇ. ಅಮೆರಿಕದ ಪ್ರವಾಹ ಬಯಲಿನ ಹೊಸ ಮನೆಗಳಲ್ಲಿ, ವಾಸದ ಮಹಡಿಯ ಕೆಳಗೆ ಗೋಡೆ ಸುತ್ತಿದ ಜಾಗವಿದ್ದರೆ ಒಂದು ಚದರ ಅಡಿ ನೆಲಕ್ಕೆ ಒಂದು ಚದರ ಇಂಚು ಕಿಂಡಿ ಬಿಡಬೇಕೆಂಬ ನಿಯಮವಿದೆ. ವಾಸ, ಸ್ವಿಚ್ ಬೋರ್ಡ್, ಮೀಟರ್ ಎಲ್ಲಾ ಮೇಲೆ. ಕೆಳಗೆ ನೆನೆದರೂ ಕೆಡದ ಸಾಮಾನು ಮಾತ್ರ.

ನೀರು ಇಳಿದ ಮೇಲೂ ಇದೇ ಲೆಕ್ಕ. ನೆಲಮಾಳಿಗೆ ತುಂಬಿದ್ದರೆ ಗಾಬರಿಯಿಂದ ಪಂಪ್ ಹಾಕಿ ಒಂದೇ ದಿನದಲ್ಲಿ ಖಾಲಿ ಮಾಡಬೇಡಿ, ದಯವಿಟ್ಟು. ಹೊರಗಿನ ಹಸಿ ಮಣ್ಣು ಇನ್ನೂ ಒತ್ತುತ್ತಲೇ ಇರುತ್ತದೆ, ಒಳಗಿನ ಆಸರೆ ಹೋದ ಕೂಡಲೇ ಗೋಡೆ ಒಳಕ್ಕೆ ಕುಸಿಯಬಹುದು. ಹೊರಗಿನ ನೀರು ಇಳಿದ ಮೇಲೆ, ದಿನಕ್ಕೆ ಮೂರನೇ ಒಂದು ಭಾಗದಷ್ಟು ತೆಗೆಯಿರಿ.

ಇನ್ನು ಜಾಗದ ಮಾತು. "ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ ಬಂದು ಹೋಯ್ತು, ಇನ್ನೇನು ಭಯ" ಅನ್ನುವ ಧೈರ್ಯ ಬೇಡ. ಪ್ರತಿ ವರ್ಷವೂ ಅದರ ಸಾಧ್ಯತೆ 1%, ಹೋದ ವರ್ಷ ಬಂದಿದ್ದರೂ ಅಷ್ಟೇ. 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ 26%. ಅದೇ ಊರಲ್ಲಿ ಅರ್ಧ ಮೀಟರ್ ಎತ್ತರದ ಜಾಗ ಸಿಕ್ಕರೂ ಬಿಡಬೇಡಿ. ನೀರು 2 ಮೀಟರ್ ಬದಲು ಒಂದೂವರೆ ಮೀಟರ್ ನಿಂತರೆ ಆ 8 ಟನ್ ನಾಲ್ಕೂವರೆಗೆ ಇಳಿಯುತ್ತದೆ.

ಆದರೆ ಕಿಂಡಿಯ ಉಪಾಯ ನಡೆಯುವುದು ನಿಂತ ನೀರಿಗೆ, ಇಲ್ಲವೇ ನಿಧಾನವಾಗಿ ಏರುವ ನೀರಿಗೆ. ಹರಿವಿನ ವೇಗ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟು. ನದಿ ತಿರುಗುವಲ್ಲಿ ಹೊರದಡವನ್ನು ಅದು ಕೊರೆಯುತ್ತಲೇ ಇರುತ್ತದೆ. ಅಲ್ಲಿದ್ದ ಮನೆ ಬಿದ್ದಿದ್ದರೆ ಮತ್ತೆ ಅಲ್ಲೇ ಪಾಯ ತೋಡಬೇಡಿ. ಅಮೆರಿಕದ ಮಿಸಿಸಿಪಿ ನದಿಯ 1993ರ ಪ್ರವಾಹದ ನಂತರ ಇಲಿನಾಯ್‌ನ ವಾಲ್ಮೇಯರ್ ಅನ್ನೋ ಊರಿನವರು ಊರನ್ನೇ ಗುಡ್ಡದ ಮೇಲೆ ಹೊಸದಾಗಿ ಕಟ್ಟಿಕೊಂಡರು.