ಕನ್ನಡಿಯೊಳಗಿನ ಕೈ ಲಕ್ವ ಹೊಡೆದ ಕೈಗೆ ನೆರವಾಗುತ್ತದೆಯೆ?

ಪ್ರಶ್ನೆ: ನಮ್ಮ ಅವ್ವನಿಗೆ ಮೂರು ತಿಂಗಳ ಹಿಂದೆ ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿದೆ. ಕನ್ನಡಿಯ ಮುಂದೆ ಬಲಗೈ ಆಡಿಸಿದರೆ ಮಿದುಳಿನ ‘ಮಿರರ್ ನ್ಯೂರಾನ್’ಗಳು ಎಚ್ಚೆತ್ತು ಎಡಗೈ ಮೊದಲಿನಂತಾಗುತ್ತದೆ ಎಂದು ಒಂದು ವಿಡಿಯೊದಲ್ಲಿ ನೋಡಿದೆವು. ಇದು ನಿಜವೆ? (ಸೇಡಂ ತಾಲ್ಲೂಕಿನ ಓದುಗರು)

ಉತ್ತರ: ಕಲಬುರಗಿಯಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ವ್ಯಾಯಾಮ ಉಪಯುಕ್ತ, ಖಂಡಿತ ಮಾಡಿಸಿ. ಆದರೆ ಅದಕ್ಕೆ ವಿಡಿಯೊ ಕೊಟ್ಟ ಕಾರಣ ಇನ್ನೂ ರುಜುವಾತಾಗಿಲ್ಲ, ಕೈ ಮೊದಲಿನಂತಾಗುತ್ತದೆ ಎಂಬ ಭರವಸೆಯನ್ನಂತೂ ಯಾರೂ ಕೊಡಲಾರರು.

1990ರ ದಶಕದ ಆರಂಭದಲ್ಲಿ ಇಟಲಿಯ ಪಾರ್ಮಾದಲ್ಲಿ ಜಾಕೊಮೊ ರಿಝೊಲಾಟಿ ಮತ್ತು ಅವರ ಸಂಗಡಿಗರು ಮಕಾಕ್ ಕೋತಿಗಳ ಮಿದುಳನ್ನು ಅಭ್ಯಸಿಸುತ್ತಿದ್ದಾಗ, ಕೋತಿ ತಾನೇ ವಸ್ತುವೊಂದನ್ನು ಹಿಡಿದಾಗಲೂ, ಎದುರಿಗಿದ್ದವರು ಹಿಡಿಯುವುದನ್ನು ಸುಮ್ಮನೆ ಕುಳಿತು ನೋಡಿದಾಗಲೂ ಚುರುಕಾಗುವ ನರಕೋಶಗಳು ಕಂಡುಬಂದವು. ಇವೇ ಮಿರರ್ ನ್ಯೂರಾನ್‌ಗಳು. ಮನುಷ್ಯರಲ್ಲೂ ನೋಟ ಮತ್ತು ಚಲನೆಗಳ ನಡುವೆ ಇಂಥ ನಂಟಿದೆ. ಕಸುಬು ಬಲ್ಲವರು ಆ ಕಸುಬನ್ನು ನೋಡುವಾಗ ಅದು ಇನ್ನಷ್ಟು ಗಟ್ಟಿಯಾಗಿರುತ್ತದೆ ಎಂದು ನುರಿತ ನೃತ್ಯಗಾರರ ಮೇಲಿನ ಅಧ್ಯಯನ ತೋರಿಸಿದೆ. ನಲವತ್ತು ವರ್ಷ ಜೋಳದ ರೊಟ್ಟಿ ಬಡಿದ ಅತ್ತೆ ಈಗ ಸೊಸೆ ರೊಟ್ಟಿ ಬಡಿಯುವುದನ್ನು ನೋಡುತ್ತಿದ್ದರೆ, ಆಕೆಯ ಮಿದುಳಿನಲ್ಲಿಯೂ ಆ ಕೆಲಸದ ಜಾಡು ಮಿಡಿಯುತ್ತಿರುತ್ತದೆ ಎಂದು ನಾನು ನಂಬುತ್ತೇನೆ.

ಕನ್ನಡಿ ಚಿಕಿತ್ಸೆ ಬಂದದ್ದು ಬೇರೆ ದಾರಿಯಿಂದ. ಚೆನ್ನೈಯಲ್ಲಿ ವೈದ್ಯಶಾಸ್ತ್ರ ಓದಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದ ವಿ. ಎಸ್. ರಾಮಚಂದ್ರನ್ ಅವರು, ಕತ್ತರಿಸಿ ತೆಗೆದ ಕೈಯಲ್ಲೇ ನೋವೆನ್ನುವವರಿಗಾಗಿ 1990ರ ದಶಕದ ಮಧ್ಯದಲ್ಲಿ ಕನ್ನಡಿಯ ಪೆಟ್ಟಿಗೆಯನ್ನು ಬಳಸಿದರು. 1999ರಲ್ಲಿ ಅದನ್ನೇ ಲಕ್ವ ಹೊಡೆದ ಒಂಬತ್ತು ಮಂದಿಯ ಮೇಲೆ ಪ್ರಯತ್ನಿಸಿದ ವರದಿ ಪ್ರಕಟವಾಯಿತು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2018ರ ಸಮೀಕ್ಷೆ 62 ಅಧ್ಯಯನಗಳ 1,982 ಮಂದಿಯ ಫಲಿತಾಂಶಗಳನ್ನು ಒಟ್ಟಾಗಿ ಪರಿಶೀಲಿಸಿ, ಕೈಯ ಚಲನೆ ಮತ್ತು ದಿನನಿತ್ಯದ ಕೆಲಸಗಳು ಸುಧಾರಿಸುತ್ತವೆ ಎಂದು ಹೇಳಿತು. ಈ ಸುಧಾರಣೆಗೆ ಮಿರರ್ ನ್ಯೂರಾನ್‌ಗಳೇ ಕಾರಣವೆಂಬುದಕ್ಕೆ ಮಾತ್ರ ಪುರಾವೆ ತೆಳುವಾಗಿದೆ. ಆಡದ ಕೈಯ ಕಡೆಗೆ ಗಮನ ಮರಳುವುದೂ ಅಷ್ಟೇ ದೊಡ್ಡ ಕಾರಣವಿರಬಹುದು. ‘ಕೈ ಅದ, ಖರೆ ಅದು ನಂದಲ್ಲ ಅನಸ್ತದ್ರಿ’ ಎಂದು ಒಬ್ಬ ತಾಯಿ ನನಗೆ ಹೇಳಿದ್ದು ಈ ಕುರಿತು ನಾನು ಕೇಳಿದ ಅತ್ಯಂತ ಸ್ಪಷ್ಟವಾದ ಮಾತು. ನರಕೋಶ ತಾನಾಗಿಯೇ ಎಲ್ಲವನ್ನೂ ಮಾಡುತ್ತದೆಂದು ನಂಬಿದವರು ಪ್ರಯತ್ನ ಬಿಟ್ಟು ನೋಡುತ್ತ ಕೂರುತ್ತಾರೆ. ನನ್ನ ಆತಂಕ ಅದೇ.

ಮಾಡುವ ವಿಧಾನ ಹೀಗಿದೆ. ಅವ್ವನನ್ನು ಮೇಜಿನ ಮುಂದೆ ಕೂರಿಸಿ, ಕನ್ನಡಿಯನ್ನು ಎದೆಯ ನೇರಕ್ಕೆ ಅಡ್ಡಗೋಡೆಯಂತೆ ನಿಲ್ಲಿಸಿ. ಎಡಗೈ ಅದರ ಹಿಂದೆ ಮರೆಯಾಗಿರಲಿ, ಕನ್ನಡಿಯ ಮುಖ ಬಲಗೈಯ ಕಡೆಗಿರಲಿ. ಆಗ ಎಡಗೈ ಇರಬೇಕಾದ ಜಾಗದಲ್ಲಿ ಬಲಗೈಯ ಬಿಂಬ ಕಾಣುತ್ತದೆ. ಬಲಗೈಯಲ್ಲಷ್ಟೇ ಬಳೆಯಿದ್ದರೆ ಅದು ತನ್ನ ಎಡಗೈಯೆಂಬ ಭಾವನೆ ಮೂಡುವುದಿಲ್ಲ. ಮುತ್ತೈದೆಗೆ ಬಳೆ ತೆಗೆಯಿರಿ ಎನ್ನುವುದು ನಮ್ಮಲ್ಲಿ ಹಿತವಾದ ಮಾತಲ್ಲವಾದ್ದರಿಂದ, ಎಡಗೈ ಬಾತಿರದಿದ್ದರೆ ಅದಕ್ಕೂ ಅಂಥವೇ ಹಸಿರು ಬಳೆ ತೊಡಿಸಿ. ಮುಂಗೈಯ ಹಚ್ಚೆಯನ್ನು ತೋಳುದ್ದದ ಬಟ್ಟೆಯಿಂದ ಮುಚ್ಚಿ. ಬಳಿಕ ಬಲಗೈಯ ಮುಷ್ಟಿಯನ್ನು ಬಿಗಿದು ಬಿಡಿಸುವುದು, ಮಣಿಕಟ್ಟು ಎತ್ತುವುದು, ಲೋಟ ಹಿಡಿಯುವುದು, ಇವನ್ನು ನಿಧಾನವಾಗಿ ಮಾಡಿಸಿ. ಕಣ್ಣು ಬಿಂಬದಿಂದ ಕದಲಬಾರದು, ಹಿಂದಿನ ಎಡಗೈಯಲ್ಲೂ ಅದೇ ಚಲನೆಗೆ ಪ್ರಯತ್ನ ನಡೆಯುತ್ತಿರಬೇಕು. ದಿನಕ್ಕೆ ಸುಮಾರು 30 ನಿಮಿಷ, ವಾರಕ್ಕೆ ಐದು ದಿನ, ನಾಲ್ಕು ವಾರ ಎಂಬುದು ರೂಢಿಯ ಕ್ರಮ; ಬೇಸರವಾದರೆ ಎರಡು ಸಲಕ್ಕೆ ಹಂಚಿಕೊಳ್ಳಿ. ಇದು ಎಂದಿನ ವ್ಯಾಯಾಮದ ಜೊತೆಗಿರಬೇಕು, ಅದರ ಬದಲಿಗಲ್ಲ.

ನೋಡಿ ಮಾಡುವ ಇನ್ನೊಂದು ಅಭ್ಯಾಸವೂ ಇದೆ, ಅದಕ್ಕೆ ಕನ್ನಡಿ ಬೇಡ. ಮನೆಯವರೊಬ್ಬರು ಹಿಟ್ಟು ನಾದುವುದನ್ನು ಅವ್ವ ಕೆಲವು ನಿಮಿಷ ಗಮನವಿಟ್ಟು ನೋಡಲಿ, ಕೂಡಲೇ ಎಡಗೈಯನ್ನು ಪರಾತದೊಳಗಿಟ್ಟು ತಾನೂ ಒತ್ತಲಿ. ಬೆರಳು ಏಳದಿದ್ದರೂ ಚಿಂತೆಯಿಲ್ಲ.

ತಲೆ ಸುತ್ತಿದರೆ, ವಾಕರಿಕೆ ಬಂದರೆ ಕನ್ನಡಿ ಸರಿಸಿ ಆ ದಿನಕ್ಕೆ ನಿಲ್ಲಿಸಿ. ಸಡಿಲವಾದ ಭುಜ ಬೇಗ ಜಾರುತ್ತದೆ, ಆದ್ದರಿಂದ ಎಡಗೈಯನ್ನು ಹಿಡಿದೆಳೆದು ಎಬ್ಬಿಸಬೇಡಿ. ಮೊದಲ ಎರಡು-ಮೂರು ದಿನವಾದರೂ ಫಿಸಿಯೋಥೆರಪಿಸ್ಟ್ ಒಬ್ಬರ ಎದುರಿಗೆ ಮಾಡಿಸಿ, ಕನ್ನಡಿ ಇಡುವ ಕೋನವನ್ನು ಅವರಿಂದಲೇ ಕಲಿತುಕೊಳ್ಳಿ.